ಆರಿಸಿದ ಸಭೆ ಕೂಡುವುದೆಂದು?

ಆಂಗ್ಲರ ಸ್ಥಳೀಯ ಸ್ವರಾಜ್ಯದ ವಿಷಯವನ್ನು ನಾವು ಕಾಲೇಜುಗಳಲ್ಲಿ ಬಹುಕಾಲದಿಂದ ಪಾಠ ಹೇಳುತ್ತ ಬಂದಿದ್ದೇವೆ. ಅಲ್ಲಿಯ ‘ಬರೋ’ ಎಂಬ ಪಟ್ಟಣಸಭೆಗಳಿಗೆ 1835ರ ಶಾಸನವು ಚುನಾವಣೆಯ ತಳಹದಿಯನ್ನು ಹಾಕಿತು. ಈ ಹೆಸರು ನಮಗೂ ಹೊಸತಲ್ಲ. ಮುಂಬಯಿ ಆಧಿಪತ್ಯದ 1925ರ ಕಾಯಿದೆಯು ದೊಡ್ಡ ಊರುಗಳ ಮುನಿಸಿಪಾಲಿಟಿಗಳಿಗೆ ಇದನ್ನೇ ಇಟ್ಟಿತು. ಹುಬ್ಬಳ್ಳಿಯದು ‘ಬರೋ ಮುನಿಸಿಪಾಲಿಟಿ’ಯೆಂದೇ ಕರೆಯಿಸಿಕೊಂಡಿತು. 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡ ಜಿಲ್ಲೆಯೂ ಆ ಆಡಳಿತದಲ್ಲಿಯೇ ಬೆಳೆದುದು. ಆದರೆ ಹೆಸರು ಬಂದಷ್ಟು ಸುಲಭವಾಗಿ ಪದ್ಧತಿಯು ಬರುವುದಿಲ್ಲ. ಕಾರವಾರ, ಅಂಕೋಲೆಗಳ 2018ರ ಚುನಾವಣೆಯನ್ನು ನೋಡಿದರೆ ಇದು ತಿಳಿಯುವುದು.

ಕಾರವಾರದ್ದು ನಗರಸಭೆ, ಅದರಲ್ಲಿ 31 ವಾರ್ಡುಗಳು. ಅಂಕೋಲೆಯದು ಪುರಸಭೆ, 23 ವಾರ್ಡುಗಳು. ಆ ವರ್ಷದ ಆಗಸ್ಟ್ 31ರಂದು ಮತದಾನವಾಯಿತು. ವಾರ್ಡೆಂದರೆ ಕೆಲವು ಓಣಿಗಳಷ್ಟೆ. ಅಭ್ಯರ್ಥಿಯು ಯಾರ ಮಗ, ಯಾರ ಸೊಸೆ ಎಂಬುದು ಎಲ್ಲರಿಗೂ ಗೊತ್ತು. ಕರಪತ್ರ ಕನ್ನಡದಲ್ಲಿದ್ದರೂ ಕಾರವಾರದ ಹೊಸ್ತಿಲುಗಳಲ್ಲಿ ನಡೆಯುವ ಮಾತು ಬಹಳಮಟ್ಟಿಗೆ ಕೊಂಕಣಿಯೇ. ಕೇಳುವ ಸಂಗತಿಗಳೂ ದೊಡ್ಡವಲ್ಲ: ಗಟಾರ, ದೀಪ, ಕಸ, ನಲ್ಲಿಯ ನೀರು. ಸೆಪ್ಟೆಂಬರ್ 3ರಂದು ಎಣಿಕೆಯಾದಾಗ ಕಾರವಾರದಲ್ಲಿ ಕಾಂಗ್ರೆಸ್ಸಿಗೆ 11, ಭಾರತೀಯ ಜನತಾ ಪಕ್ಷಕ್ಕೆ 11, ಜನತಾದಳಕ್ಕೆ 4 ಸ್ಥಾನಗಳು ಬಂದವು. ಉಳಿದ ಐವರು ಪಕ್ಷೇತರರು. ಯಾರಿಗೂ ಬಹುಮತವಿಲ್ಲ. ಇದು ಕುತೂಹಲದ ಸಂಗತಿಯೇ ಹೊರತು ಕೇಡಲ್ಲ. ಹೊಂದಾಣಿಕೆಯನ್ನು ಕಲಿಯಲು ಊರಸಭೆಗಿಂತ ಒಳ್ಳೆಯ ಸ್ಥಳವುಂಟೆ?

ಕಲಿಯಬೇಕಾದರೆ ಸಭೆ ಕೂಡಬೇಕಷ್ಟೆ. ಇಂಗ್ಲೆಂಡಿನ 1972ರ ಶಾಸನದಂತೆ ಚುನಾವಣೆಯಾದ ಒಂದು ತಿಂಗಳೊಳಗಾಗಿ ವಾರ್ಷಿಕ ಸಭೆ ಸೇರಲೇಬೇಕು. ಅಲ್ಲಿ ಮೊದಲ ಕಾರ್ಯವೇ ಅಧ್ಯಕ್ಷರನ್ನು ಆರಿಸುವುದು. ನಮ್ಮಲ್ಲಿ ಅಧ್ಯಕ್ಷರ ಆಯ್ಕೆಗೆ ಸದಸ್ಯರೊಡನೆ ಆ ಕ್ಷೇತ್ರದ ಶಾಸಕರೂ ಲೋಕಸಭಾ ಸದಸ್ಯರೂ ಮತ ಕೊಡುವರು. ಅದಕ್ಕೆ ಮುಂಚೆ ಆ ಸ್ಥಾನವು ಯಾವ ವರ್ಗಕ್ಕೆ ಮೀಸಲೆಂಬುದನ್ನು ಸರಕಾರವು ಪ್ರಕಟಿಸಬೇಕು. ಆ ಪಟ್ಟಿಯ ಮೇಲೆ ವಿವಾದವೆದ್ದು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕಾರವಾರ, ಅಂಕೋಲೆಗಳಲ್ಲಿ ಮಾತ್ರವಲ್ಲ, ಅದೇ ದಿನ ಚುನಾವಣೆ ನಡೆದ ಊರೂರಲ್ಲಿಯೂ ಕೆಲಸ ನಿಂತಿತು. ಅಧ್ಯಕ್ಷರು ಬಂದುದು 2020ರ ಕೊನೆಗೆ.

ಎರಡು ವರ್ಷಗಳ ಮೇಲಾಯಿತು! ಸದಸ್ಯರು ಗೆದ್ದಿದ್ದರು, ಮೆರವಣಿಗೆಯೂ ಆಗಿತ್ತು, ಆದರೆ ಕುರ್ಚಿಯಿಲ್ಲ, ಠರಾವಿಲ್ಲ, ಆಯವ್ಯಯದ ಮೇಲೆ ಒಂದು ಮಾತಾಡುವ ಅಧಿಕಾರವಿಲ್ಲ. ಸರಕಾರವು ನೇಮಿಸಿದ ಆಡಳಿತಾಧಿಕಾರಿಯದೇ ಸಹಿ. ಅಧಿಕಾರಿಯು ದಕ್ಷನಿರಬಹುದು, ನಾವು ಅಲ್ಲಗಳೆಯೆವು. ಆದರೆ ಗಟಾರ ಕಟ್ಟಿದಾಗ ಮನೆಯಾಕೆ ನಿಲ್ಲಿಸಿ ಕೇಳುವುದು ಓಣಿಯ ಸದಸ್ಯನನ್ನು, ಆಡಳಿತಾಧಿಕಾರಿಯನ್ನಲ್ಲ. ಉತ್ತರ ಕೊಡಬೇಕಾದವನಲ್ಲಿ ಉತ್ತರವೇ ಇಲ್ಲದಂತಾಯಿತು. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿಗಳು ಉಕ್ಕಿ ಜಿಲ್ಲೆಗೆ ನೆರೆ ಬಂದಾಗ ಇದೇ ಸ್ಥಿತಿ. 2020ರಲ್ಲಿ ಕೋವಿಡ್ ಬೇನೆ ಹಬ್ಬಿದಾಗಲೂ ಇದೇ ಸ್ಥಿತಿ. ಮೊದಲ ಅಧ್ಯಕ್ಷರ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿದ ಬಳಿಕ ಮತ್ತೆ ಪಟ್ಟಿಗೆ ಕಾಯಬೇಕಾಯಿತು. ಅದು ಬಂದುದು 2024ರ ಆಗಸ್ಟಿನಲ್ಲಿ.

ಮೀಸಲಾತಿಯನ್ನೇ ದೂರುವವರುಂಟು. ಅದು ನಮಗೆ ಸಮ್ಮತವಲ್ಲ. ಎಂದೂ ಸಭೆಯ ಬಾಗಿಲು ಕಾಣದ ಜನರೂ ಸ್ತ್ರೀಯರೂ ಇಂದು ಅಲ್ಲಿ ಕುಳಿತಿರುವುದು ಅದರಿಂದಲೇ. ದೋಷವಿರುವುದು ಹೊತ್ತಿನಲ್ಲಿ. ಮತದಾನಕ್ಕೆ ಮೊದಲೇ ಅಧ್ಯಕ್ಷಸ್ಥಾನದ ಸರದಿಯನ್ನು ಗೊತ್ತುಮಾಡಿ, ತಕರಾರುಗಳನ್ನು ಆಗಲೇ ತೀರಿಸಿಕೊಂಡು, ಸಭೆ ಕೂಡುವ ದಿನವನ್ನು ಕಾಯಿದೆಯಲ್ಲಿಯೇ ಬರೆದಿಟ್ಟರೆ ಯಾರ ಹಕ್ಕಿಗೂ ಚ್ಯುತಿಯಿಲ್ಲ.

ಅಂಕೋಲೆಯು 1930ರ ಏಪ್ರಿಲಿನಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಊರು. ಮುಂದೆ ಆ ತಾಲೂಕಿನ ರೈತರು ಕರ ಕೊಡದೆ ನಿಂತು ಹೊಲಮನೆಗಳನ್ನು ಕಳೆದುಕೊಂಡರು. ಅಂಥ ಊರಿನಲ್ಲಿ, ಆರಿಸಿದವರಿಗೆ ಬಾಯಿಲ್ಲದ ಆ ಎರಡು ವರ್ಷವೂ ಮನೆಪಟ್ಟಿಯ ವಸೂಲಿ ನಿಲ್ಲಲಿಲ್ಲ.

ಇನ್ನೊಂದು ಸಂಗತಿಯುಂಟು. ಸಂವಿಧಾನದಂತೆ ಸಭೆಯ ಐದು ವರ್ಷಗಳನ್ನು ಎಣಿಸುವುದು ಮತದಾನದ ದಿನದಿಂದಲ್ಲ, ಮೊದಲನೆಯ ಸಭೆಯ ದಿನದಿಂದ. ಆದುದರಿಂದ 2018ರಲ್ಲಿ ಆರಿಸಿದ ಸಭೆಯ ಅವಧಿ 2025ರ ಕೊನೆಯವರೆಗೆ ಎಳೆಯಿತು. ಆ ಮತದಾನದ ಮರುದಿನ ಹದಿನೆಂಟು ತುಂಬಿದ ಕಾರವಾರದ ಹುಡುಗನೊಬ್ಬನಿಗೆ, ಉಪಚುನಾವಣೆ ಒದಗದಿದ್ದರೆ, ಇಪ್ಪತ್ತೈದು ತುಂಬುವವರೆಗೂ ತನ್ನ ಓಣಿಯ ಸದಸ್ಯನಿಗಾಗಿ ಮತ ಕೊಡುವ ಸಂದರ್ಭವೇ ಬರಲಿಲ್ಲ.