ಮುಚ್ಚಿಹೋಗಬೇಕಿದ್ದ ಟೀಮು, ಬಿಟ್ಟುಕೊಡದ ಜನ

ಇವತ್ತು ರಗ್ಬಿ ಬಗ್ಗೆ ಮಾತಾಡೋಣ. ಸ್ಕಿಪ್ ಬಟನ್ ಮೇಲೆ ಬೆರಳಿಟ್ಟವರು ಎರಡು ನಿಮಿಷ ತಡೀರಿ. ಆಟದ ರೂಲ್ಸ್ ಗೊತ್ತಿಲ್ಲದಿದ್ರೂ ಈ ಕಥೆ ಅರ್ಥ ಆಗುತ್ತೆ, ಯಾಕಂದ್ರೆ ಇದು ಶುರುವಾಗೋದೇ ಒಂದು ಲೆಕ್ಕದ ಪುಸ್ತಕದಲ್ಲಿ.

2003ರ ಜನವರಿ. ಐರ್ಲೆಂಡಿನ ರಾಜಧಾನಿ ಡಬ್ಲಿನ್. ಅಲ್ಲಿನ ರಗ್ಬಿ ನಡೆಸೋ ಸಂಸ್ಥೆ ಐಆರ್‌ಎಫ್‌ಯು. ನಮ್ಮ ಬಿಸಿಸಿಐ ಥರ ಅಂದ್ಕೊಳ್ಳಿ, ಆದ್ರೆ ಬಿಸಿಸಿಐ ಹತ್ರ ಇರೋಷ್ಟು ದುಡ್ಡು ಕನಸಲ್ಲೂ ಇಲ್ಲ. ಆ ಸಂಸ್ಥೆಗೆ ನಷ್ಟದ ಭಯ. ಖರ್ಚು ಕಡಿಮೆ ಮಾಡ್ಬೇಕು. ಆಗ ಬಂದ ಪ್ರಸ್ತಾಪ ಏನಂದ್ರೆ, ಇರೋ ನಾಲ್ಕು ವೃತ್ತಿಪರ ಟೀಮುಗಳಲ್ಲಿ ಒಂದನ್ನ ಮುಚ್ಚಿಬಿಡೋಣ. ಯಾವುದನ್ನ? ಕಾನಕ್ಟ್.

ಐರ್ಲೆಂಡ್ ದ್ವೀಪದಲ್ಲಿ ಹಳೇ ಕಾಲದಿಂದ ನಾಲ್ಕು ಪ್ರಾಂತ್ಯಗಳಿವೆ. ಲೆನ್‌ಸ್ಟರ್, ಮನ್‌ಸ್ಟರ್, ಅಲ್‌ಸ್ಟರ್, ಕಾನಕ್ಟ್. ಲೆನ್‌ಸ್ಟರ್‌ಗೆ ಡಬ್ಲಿನ್ ಇದೆ, ದುಡ್ಡಿದೆ, ರಗ್ಬಿ ಆಡೋ ದೊಡ್ಡ ದೊಡ್ಡ ಸ್ಕೂಲುಗಳಿವೆ. ಕಾನಕ್ಟ್ ಅಂದ್ರೆ ಪಶ್ಚಿಮದ ಐದು ಕೌಂಟಿ: ಗಾಲ್ವೇ, ಮೇಯೋ, ಸ್ಲೈಗೋ, ರಾಸ್‌ಕಾಮನ್, ಲೀಟ್ರಿಮ್. ಕಲ್ಲು ನೆಲ, ಅಟ್ಲಾಂಟಿಕ್ ಗಾಳಿ, ಮಳೆ. 2016ರ ಜನಗಣತಿಯಲ್ಲಿ ಇಡೀ ಪ್ರಾಂತ್ಯದ ಜನಸಂಖ್ಯೆ ಸುಮಾರು 5.5 ಲಕ್ಷ. ನಮ್ಮ ಕಡೆ ಒಂದು ಜಿಲ್ಲೆಯಲ್ಲೇ ಇದಕ್ಕಿಂತ ಜಾಸ್ತಿ ಜನ ಸಿಗ್ತಾರೆ. ಅಷ್ಟು ಜನರಲ್ಲೂ ಹೆಚ್ಚಿನವರ ಪ್ರಾಣ ಇರೋದು ಗೇಲಿಕ್ ಫುಟ್ಬಾಲ್ ಮತ್ತೆ ಹರ್ಲಿಂಗ್ ಮೇಲೆ. ರಗ್ಬಿ ಆಮೇಲೆ. 1650ರ ದಶಕದಲ್ಲಿ ಕ್ರಾಮ್‌ವೆಲ್ ಕಾಲದ ಇಂಗ್ಲಿಷ್ ಆಡಳಿತ ಐರಿಷ್ ಜಮೀನುದಾರರನ್ನ ಒಳ್ಳೇ ಭೂಮಿಯಿಂದ ಎಬ್ಬಿಸಿ ಅಟ್ಟಿದ್ದು ಈ ಕಡೆಗೇ. ಸಾಯಿ, ಇಲ್ಲಾ ಕಾನಕ್ಟ್‌ಗೆ ಹೋಗು ಅನ್ನೋ ಅರ್ಥದ ಮಾತು ಅಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ.

ನಾನು ಬಿ.ಕಾಂ. ಓದಿದವನು, ನಿಜ ಹೇಳ್ಬಿಡ್ತೀನಿ. 2003ರಲ್ಲಿ ಆ ಆಫೀಸಲ್ಲಿ ನನ್ನ ಕೈಗೆ ಆ ಫೈಲ್ ಕೊಟ್ಟಿದ್ರೆ ನಾನೂ ಕಾನಕ್ಟ್ ಮೇಲೇ ಗೆರೆ ಎಳೀತಿದ್ದೆ. ಕಪ್ ಇಲ್ಲ. ಜನ ಕಡಿಮೆ. ಮೈದಾನ ನೋಡಿದ್ರೆ, ಗಾಲ್ವೇಯಲ್ಲಿ ನಾಯಿ ರೇಸ್ ನಡೆಯೋ ಜಾಗ. ತಮಾಷೆ ಅಲ್ಲ, ರಗ್ಬಿ ಪಿಚ್ ಸುತ್ತ ಗ್ರೇಹೌಂಡ್ ಟ್ರ್ಯಾಕ್ ಇತ್ತು. ಕಾಸ್ಟ್ ಅಕೌಂಟಿಂಗ್ ಪೇಪರಲ್ಲಿ ಇಂಥ ಪ್ರಶ್ನೆ ಬರ್ತಿತ್ತು: ಲಾಭ ತರದ ವಿಭಾಗ ಮುಂದುವರಿಸಬೇಕೋ, ನಿಲ್ಲಿಸಬೇಕೋ? ಲೆಕ್ಕ ಮಾಡಿ, ನಿಲ್ಲಿಸಿ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀನಿ.

ಆದ್ರೆ ಆ ಪ್ರಶ್ನೆಪತ್ರಿಕೆಯಲ್ಲಿ ಆ ವಿಭಾಗದ ಜನ ಎದ್ದು ಬಂದು ಬಾಗಿಲು ಬಡಿಯಲ್ಲ. ಇಲ್ಲಿ ಬಡಿದ್ರು. ಸುಮಾರು ಎರಡು ಸಾವಿರ ಜನ ಡಬ್ಲಿನ್ ಬೀದಿಗಳಲ್ಲಿ ಮೆರವಣಿಗೆ ಹೋಗಿ, ಲ್ಯಾನ್ಸ್‌ಡೌನ್ ರಸ್ತೆಯ ಐಆರ್‌ಎಫ್‌ಯು ಕಚೇರಿ ಮುಂದೆ ನಿಂತ್ರು. ಎರಡು ಸಾವಿರ ಏನ್ ಮಹಾ ಅನ್ಸುತ್ತೆ ಅಲ್ವಾ? ಇನ್ನೊಮ್ಮೆ ಯೋಚನೆ ಮಾಡಿ. ಇವರು ದೇಶದ ಇನ್ನೊಂದು ತುದಿಯ ಟೀಮಿನವರು. ಇವರ ಟೀಮು ಅಲ್ಲಿವರೆಗೆ ದೊಡ್ಡ ಕಪ್ ಯಾವುದನ್ನೂ ಗೆದ್ದಿರಲಿಲ್ಲ. ಗೆಲ್ಲೋ ಲಕ್ಷಣನೂ ಇರಲಿಲ್ಲ. ಗೆದ್ದ ಟೀಮಿಗೋಸ್ಕರ ರಸ್ತೆಗೆ ಬರೋದು ಸುಲಭ.

ಗೊತ್ತು, ಈಗ ನಿಮ್ಮಲ್ಲಿ ಅರ್ಧ ಜನ ಆರ್‌ಸಿಬಿ ಅಂತ ಟೈಪ್ ಮಾಡ್ತಾ ಇದ್ದೀರಿ. ಸರಿ, ನಾವೂ ಹದಿನೆಂಟು ವರ್ಷ ಕಾದೋರೇ. ಆದ್ರೆ ದುಡ್ಡಿಲ್ಲ, ಆರ್‌ಸಿಬಿ ಮುಚ್ತೀವಿ ಅಂತ ಯಾರೂ ನಮಗೆ ಹೇಳಿರಲಿಲ್ಲ. ಆ ಭಯ ಬೇರೆ.

ಪ್ರಸ್ತಾಪ ಹಿಂದೆ ಸರೀತು. ಟೀಮ್ ಉಳೀತು. ಇಲ್ಲಿ ಹಿನ್ನೆಲೆ ಸಂಗೀತ ಹಾಕಿ ಕಥೆ ಮುಗಿಸಬಹುದಿತ್ತು, ಆದ್ರೆ ಮುಂದಿನ ಹತ್ತು ವರ್ಷ ಏನಾಯ್ತು ಕೇಳಿ. ಹೆಚ್ಚುಕಮ್ಮಿ ಸೋಲು. ಬೇರೆ ಪ್ರಾಂತ್ಯಗಳಿಗಿಂತ ಕಡಿಮೆ ಬಜೆಟ್. ಪಟ್ಟಿಯ ಕೆಳಗಡೆ ಖಾಯಂ ಸೀಟು. ಬೇರೆ ಕಡೆ ಜಾಗ ಸಿಗದ ಹುಡುಗರು ಇಲ್ಲಿಗೆ ಬರೋರು, ಇಲ್ಲಿ ಚೆನ್ನಾಗಿ ಆಡಿದವರನ್ನ ದೊಡ್ಡ ಟೀಮುಗಳು ಎತ್ಕೊಂಡು ಹೋಗೋರು. ಯುರೋಪಿನ ದೊಡ್ಡ ಟೂರ್ನಿ ಹೈನಿಕೆನ್ ಕಪ್‌ಗೆ ಮೊದಲ ಸಲ ಕಾಲಿಟ್ಟಿದ್ದು 2011-12ರಲ್ಲಿ. ಆ ಸೀಸನ್‌ನಲ್ಲಿ ಸತತ 14 ಪಂದ್ಯ ಸೋತ್ರು. ಹದಿನಾಲ್ಕು! ಆಮೇಲೆ 2012ರ ಜನವರಿಯಲ್ಲಿ, ಗಾಲ್ವೇಯಲ್ಲಿ, ಇಂಗ್ಲೆಂಡಿನ ಹಾರ್ಲೆಕ್ವಿನ್ಸ್ ವಿರುದ್ಧ 9-8ರಲ್ಲಿ ಗೆದ್ರು. ಒಂದು ಪಾಯಿಂಟ್. ಆವತ್ತು ಕೋಚ್ ಆಗಿದ್ದೋರು ಎರಿಕ್ ಎಲ್‌ವುಡ್, 2003ರಲ್ಲಿ ಇದೇ ಟೀಮಿಗೆ ಆಡ್ತಾ ಇದ್ದೋರು, ಗಾಲ್ವೇಯವರೇ.

2013ರಲ್ಲಿ ಪ್ಯಾಟ್ ಲ್ಯಾಮ್ ಕೋಚ್ ಆಗಿ ಬಂದ್ರು. ನ್ಯೂಜಿಲೆಂಡಲ್ಲಿ ಹುಟ್ಟಿದವರು, ಸಮೋವಾ ದೇಶಕ್ಕೆ ಕ್ಯಾಪ್ಟನ್ ಆಗಿದ್ದವರು. ಮಳೆಗಾಳಿಯ ಊರಲ್ಲಿ ಚೆಂಡನ್ನ ಒದ್ದು ಸುಮ್ಮನಾಗೋದು ಸುಲಭದ ದಾರಿ. ಇವರು ಉಲ್ಟಾ ಹೇಳಿದ್ರು: ಚೆಂಡು ಕೈಯಲ್ಲೇ ಇಟ್ಕೊಳ್ಳಿ, ಪಾಸ್ ಮಾಡಿ, ಓಡಿ. ನನ್ನ ಪ್ರಕಾರ ಇದರಲ್ಲೊಂದು ಜಾಣತನ ಇತ್ತು. ದೊಡ್ಡ ದೇಹದ ದುಬಾರಿ ಆಟಗಾರರನ್ನ ಕೊಳ್ಳೋಕೆ ದುಡ್ಡಿಲ್ಲ, ಇರೋರಿಗೆ ಕೈಚಳಕ ಕಲಿಸ್ಬಹುದು.

2015-16ರ ಸೀಸನ್ ಅಂತೂ ಹುಚ್ಚು. ನವೆಂಬರಲ್ಲಿ ಒಂದು ಪಂದ್ಯಕ್ಕೆ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ಗೆ ಹೋದ್ರು. ಮೈನಸ್ 20 ಡಿಗ್ರಿ ಆಸುಪಾಸಿನ ಚಳಿ. ಗೆದ್ರು, ಆದ್ರೆ ವಿಮಾನ ಕೆಟ್ಟು ವಾಪಸ್ ಬರೋದೇ ದೊಡ್ಡ ಸಾಹಸ ಆಯ್ತು. ಬಂದು ಎರಡು ವಾರದಲ್ಲಿ ಮನ್‌ಸ್ಟರ್‌ನ ಅವರದೇ ಥೋಮಂಡ್ ಪಾರ್ಕಲ್ಲಿ ಸೋಲಿಸಿದ್ರು, 1986ರ ನಂತರ ಅಲ್ಲಿ ಮೊದಲ ಗೆಲುವು. ಪ್ರೊ12 ಅಂದ್ರೆ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ ಟೀಮುಗಳ ಲೀಗ್. ಅದರಲ್ಲಿ ಎರಡನೇ ಸ್ಥಾನ. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಗ್ಲಾಸ್ಗೋ ಮೇಲೆ 16-11. ಎಲ್ಲಿ? ಅದೇ ನಾಯಿ ರೇಸ್ ಮೈದಾನದಲ್ಲಿ.

ಫೈನಲ್ 2016ರ ಮೇ 28, ಸ್ಕಾಟ್ಲೆಂಡಿನ ಎಡಿನ್‌ಬರೊ, ಮರ್ರೆಫೀಲ್ಡ್. ಎದುರಾಳಿ ಬೇರಾರೂ ಅಲ್ಲ, ಲೆನ್‌ಸ್ಟರ್. ಹಸಿರು ಜೆರ್ಸಿ ಹಾಕ್ಕೊಂಡು ಸಮುದ್ರ ದಾಟಿ ಬಂದ ಜನ. ಒಂದು ವಿಷಯ ಗಮನಿಸಿ: ಕಾನಕ್ಟ್‌ನ ಸ್ಟಾರ್ ರಾಬಿ ಹೆನ್‌ಶಾ ಮುಂದಿನ ಸೀಸನ್‌ಗೆ ಲೆನ್‌ಸ್ಟರ್‌ಗೆ ಹೋಗೋದು ಆಗ್ಲೇ ಖಚಿತ ಆಗಿತ್ತು. ತಾನು ಸೇರಲಿರೋ ಟೀಮಿನ ವಿರುದ್ಧವೇ ಫೈನಲ್ ಆಡಿದ್ರು. ಮೊದಲ ಟ್ರೈ ಟೀರ್ನನ್ ಓ'ಹ್ಯಾಲೊರನ್ ಅವರದ್ದು. ಟ್ರೈ ಅಂದ್ರೆ ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಮುಟ್ಟಿಸೋದು, ಐದು ಪಾಯಿಂಟ್. ಎರಡನೆಯದು ನೀಯಿ ಅಡೆಯೊಲೊಕುನ್, ನೈಜೀರಿಯಾದಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಬೆಳೆದ ಹುಡುಗ. ಮೂರನೆಯದು ಮ್ಯಾಟ್ ಹೀಲಿ. 20-10. 1885ರಲ್ಲಿ ಶುರುವಾದ ಕಾನಕ್ಟ್ ರಗ್ಬಿಗೆ ಮೊದಲ ದೊಡ್ಡ ಕಪ್.

ಆಮೇಲೆ ಪ್ರತಿವರ್ಷ ಗೆದ್ರಾ? ಇಲ್ಲ. ಲ್ಯಾಮ್ 2017ರಲ್ಲಿ ಬ್ರಿಸ್ಟಲ್‌ಗೆ ಹೋದ್ರು. ಲೆನ್‌ಸ್ಟರ್ ಈಗಲೂ ದೊಡ್ಡಣ್ಣನೇ.

ಕೊನೆಗೆ ಒಬ್ಬರ ಬಗ್ಗೆ ಹೇಳಿ ಮುಗಿಸ್ತೀನಿ. ಜಾನ್ ಮಲ್ಡೂನ್. ಗಾಲ್ವೇ ಕೌಂಟಿಯ ಪೋರ್ಟಮ್ನಾದವರು. ಕಾನಕ್ಟ್‌ಗೆ ಆಡೋಕೆ ಶುರು ಮಾಡಿದ್ದು 2003ರಲ್ಲಿ. ಹೌದು, ಆ ಮೆರವಣಿಗೆ ನಡೆದ ವರ್ಷವೇ. ಆವತ್ತು ಆ ಎರಡು ಸಾವಿರ ಜನ ಮನೇಲೇ ಕೂತಿದ್ರೆ ಇವರಿಗೆ ಆಡೋಕೆ ಟೀಮೇ ಇರ್ತಿರಲಿಲ್ಲವೇನೋ. 2016ರಲ್ಲಿ ಕ್ಯಾಪ್ಟನ್ ಆಗಿ ಕಪ್ ಎತ್ತಿದ್ದು ಇವರೇ. ಒಟ್ಟು 327 ಪಂದ್ಯ, ಎಲ್ಲಾ ಇದೊಂದೇ ಟೀಮಿಗೆ.

2018ರ ಏಪ್ರಿಲ್‌ನಲ್ಲಿ ಅವರ ಕೊನೇ ಪಂದ್ಯ, ಗಾಲ್ವೇಯಲ್ಲಿ, ಲೆನ್‌ಸ್ಟರ್ ವಿರುದ್ಧ. ಕಾನಕ್ಟ್ ಭರ್ಜರಿಯಾಗಿ ಗೆಲ್ತಾ ಇತ್ತು. ಕೊನೇ ಟ್ರೈ ಆದ್ಮೇಲೆ ಒಂದು ಕಿಕ್ ಬಾಕಿ. ಮಲ್ಡೂನ್ ಆಡೋದು ನಂಬರ್ 8 ಜಾಗದಲ್ಲಿ, ಗುದ್ದಾಡೋ ಕೆಲಸ, ಗೋಲಿಗೆ ಕಿಕ್ ಹೊಡೆಯೋದು ಅವರ ಕೆಲಸವೇ ಅಲ್ಲ. ಆದ್ರೂ ಚೆಂಡು ಅವರ ಕೈಗೇ ಕೊಟ್ರು. ಹೊಡೆದ್ರು. ಎರಡು ಕಂಬಗಳ ಮಧ್ಯೆ ಹೋಯ್ತು. 47-10.

ಆ ಕಿಕ್ ವಿಡಿಯೋ ಹುಡುಕಿ ನೋಡಿ. ಸೌಂಡ್ ಆನ್ ಮಾಡ್ಕೊಂಡು ನೋಡಿ. ಮುಂದಿನ ವಾರ ಸಿಗೋಣ.