ಮೊದಲ ಆಟಕ್ಕೆ ಯಾವ ಕಥೆ?



ಕಳೆದ ಬೇಸಗೆಯ ಸೂಟಿಗೆ ನನ್ನ ಮೊಮ್ಮಗಳು ಸವಡಿಗೆ ಬಂದಾಗ ಬಟ್ಟೆಯ ಚೀಲದೊಡನೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದಿದ್ದಳು. ಹದಿನೈದು ವರ್ಷದ ಹುಡುಗಿ. ಬೆಂಗಳೂರಿನಲ್ಲಿ ಬೆಳೆದರೂ ತಾಯಿಯ ಮಾತನ್ನು ಬಿಟ್ಟಿಲ್ಲ. ಪೆಟ್ಟಿಗೆಯಲ್ಲಿ ಚದುರಂಗವಿರಬಹುದೆಂದು ನಾನು ಭಾವಿಸಿದೆ. ತೆರೆದರೆ ಹಾಸೂ ಇಲ್ಲ, ಕಾಯಿಗಳೂ ಇಲ್ಲ. ಎರಡು ತೆಳುವಾದ ಪುಸ್ತಕ, ಕೆಲವು ಹಾಳೆ, ಬಗೆಬಗೆಯ ಆಕಾರದ ಆರು ದಾಳ. ಅವುಗಳಲ್ಲಿ ಒಂದಕ್ಕೆ ಇಪ್ಪತ್ತು ಮುಖ! ಪಗಡೆಯ ದಾಳವನ್ನಷ್ಟೇ ಕಂಡಿದ್ದ ನಾನು ಅದನ್ನು ಬಹಳ ಹೊತ್ತು ಅಂಗೈಯಲ್ಲಿ ಹೊರಳಿಸಿ ನೋಡಿದೆ. ಪೆಟ್ಟಿಗೆಯ ಜೊತೆಗೆ ಬೇರೆಯಾಗಿ ಇನ್ನೊಂದು ದಪ್ಪ ಪುಸ್ತಕವೂ ಇತ್ತು.

"ಅಜ್ಜಾ, ನಾಳೆ ಓಣಿ ಹುಡುಗರನ್ನ ಕೂಡಿಸಿ ಈ ಆಟ ಆಡಸ್ತೀನಿ. ಇಷ್ಟು ದಿನ ಬ್ಯಾರೇದವರು ಆಡಸ್ತಿದ್ರು, ನಾ ಆಡ್ತಿದ್ದೆ. ಈಗ ನಾನ ಮಾಸ್ಟರು. ಮೊದಲನೇ ಸಲ ಯಾವ ಕಥಿ ಹಿಡೀಲಿ?" ಎಂದು ಕೇಳಿದಳು.

ಈ ಪ್ರಶ್ನೆಯನ್ನು ಮಕ್ಕಳ ಮಾತೆಂದು ತಳ್ಳಿಹಾಕುವುದು ನನ್ನಿಂದಾಗಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಈ ಆಟ ಎಂಥದೆಂಬುದನ್ನು ಹೇಳಬೇಕು. ನಿಮ್ಮಲ್ಲಿ ಅನೇಕರಿಗೆ ಅದು ಹೊಸದಾಗಿರಬಹುದು, ನನಗಂತೂ ಹೊಸದಾಗಿತ್ತು.

ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂಡುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ. ಒಬ್ಬ ಕತ್ತಿಯಾಳು, ಒಬ್ಬಳು ಮಂತ್ರಗಾತಿ, ಮತ್ತೊಬ್ಬ ಬೀಗ ಮುರಿಯುವ ಚತುರ. ಆಟ ನಡೆಸುವವನಿಗೆ ಮಾತ್ರ ತನ್ನದೆಂಬ ಒಂದು ಪಾತ್ರವಿಲ್ಲ. ಉಳಿದ ಜಗತ್ತೆಲ್ಲ ಅವನ ಪಾಲು. "ನೀವು ಕಾಡುದಾರಿಯಲ್ಲಿ ಹೊರಟಿದ್ದೀರಿ, ಮುಂದೆ ಎರಡು ಕುದುರೆಗಳು ಸತ್ತುಬಿದ್ದಿವೆ, ಏನು ಮಾಡುತ್ತೀರಿ?" ಎಂದು ಅವನು ಕೇಳುತ್ತಾನೆ. ಕುಳಿತವರು ತಮಗೆ ತೋಚಿದ್ದನ್ನು ಹೇಳುತ್ತಾರೆ. ಹೇಳಿದ್ದು ಕೈಗೂಡೀತೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳುತ್ತದೆ. ವೇಷವಿಲ್ಲ, ರಂಗವಿಲ್ಲ, ಪ್ರೇಕ್ಷಕರಂತೂ ಇಲ್ಲವೇ ಇಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಿಂದ ಇದನ್ನು ಅಚ್ಚು ಹಾಕಿಸಿದರು. ಅಲ್ಲಿಂದೀಚೆಗೆ ಇದೇ ಬಗೆಯ ಆಟಗಳು ಎಷ್ಟೋ ಬಂದಿವೆ. ಆಡಿಸುವವರಿಗಾಗಿ ಸಿದ್ಧಪಡಿಸಿದ ಕಥೆಗಳೂ ಬೇರೆ ಪುಸ್ತಕಗಳಾಗಿ ಮಾರಾಟವಾಗುತ್ತವೆ. ಊರು ಯಾವುದು, ಶತ್ರು ಯಾರು, ಯಾವ ಬಾಗಿಲ ಹಿಂದೆ ಏನಿದೆ ಎಂಬಿಷ್ಟು ಅವುಗಳಲ್ಲಿ ಇರುತ್ತದೆ. ಪಾತ್ರಗಳ ಮಾತು ಇರುವುದಿಲ್ಲ.

ಇದನ್ನು ಕೇಳಿದೊಡನೆ ನನಗೆ ತಾಳಮದ್ದಳೆ ನೆನಪಾಯಿತು. ಕರಾವಳಿಯವರಿಗೆ ವಿವರಿಸಬೇಕಾದುದಿಲ್ಲ, ನಮ್ಮ ಕಡೆಯವರಿಗಾಗಿ ಒಂದು ಮಾತು. ಅಲ್ಲಿಯೂ ವೇಷ ಕಟ್ಟುವುದಿಲ್ಲ, ಕುಣಿಯುವುದಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ರಾಮನೂ ವಾಲಿಯೂ ಆಗಿ ಅಲ್ಲಿಯೇ ಮಾತು ಹುಟ್ಟಿಸಿ ವಾದಿಸುತ್ತಾರೆ. ಪ್ರಸಂಗದ ಪುಸ್ತಕದಲ್ಲಿರುವುದು ಹಾಡಿನ ಎಲುಬುಗೂಡಷ್ಟೆ. ರಕ್ತಮಾಂಸಗಳನ್ನು ಕೂಡಿಸುವವರು ಕುಳಿತವರು. ಆದುದರಿಂದ ಈ ಹುಡುಗಿಯ ಕಥಾಪುಸ್ತಕಗಳನ್ನು ನಾನು ಪ್ರಸಂಗಗಳೆಂದೇ ಕರೆಯುತ್ತೇನೆ. ನಮ್ಮ ದೊಡ್ಡಾಟವೂ ಇದಕ್ಕೆ ತೀರ ದೂರದ್ದಲ್ಲ. ರಾಜ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ತಡೆದು, ತಾವು ಯಾರು, ತಮ್ಮ ನಾಮವೇನು, ಬಂದ ಕಾರಣವೇನು ಎಂದು ವಿಚಾರಿಸುತ್ತಾನಲ್ಲವೆ? ಮೊಮ್ಮಗಳೂ ಆಟದ ಮೊದಲಿಗೆ ಒಬ್ಬೊಬ್ಬರನ್ನೂ ಹಾಗೆಯೇ ವಿಚಾರಿಸುತ್ತಾಳೆ. ದೊಡ್ಡಾಟದ ಮಾತೆಲ್ಲ ಬರೆದಿಟ್ಟದ್ದು, ತಿಂಗಳುಗಟ್ಟಲೆ ತಾಲೀಮು ಮಾಡಿ ಬಾಯಿಪಾಠ ಮಾಡಬೇಕಾದದ್ದು. ಹೊತ್ತಿಗೆ ತಕ್ಕ ಮಾತು ಸೇರಿಸುವ ಸಲಿಗೆ ಸಾರಥಿಗೆ ಮಾತ್ರ. ಇಲ್ಲಿ ಎಲ್ಲರೂ ಸಾರಥಿಗಳೆ.

ಇನ್ನು ನನ್ನ ಕಾರಣವನ್ನು ಹೇಳುತ್ತೇನೆ.

1984ರ ಮೇ ತಿಂಗಳು. ಕರಾವಳಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿ ನನಗೆ ಮೂರು ವರ್ಷವಾಗಿತ್ತು. ಮಳೆಗಾಲದ ರಾತ್ರಿಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನೂ ಮಲ್ಪೆ ಶಂಕರನಾರಾಯಣ ಸಾಮಗರ ಅರ್ಥವನ್ನೂ ಕೇಳಿ ನನ್ನ ತಲೆ ತುಂಬಿಹೋಗಿತ್ತು. ಇಂಥದೊಂದು ನಮ್ಮ ಸವಡಿಯಲ್ಲಿ ಯಾಕೆ ಆಗಬಾರದು ಎಂಬ ಹುಮ್ಮಸ್ಸು. ಸೂಟಿಗೆ ಬಂದವನು ಗೆಳೆಯರನ್ನು ಕೂಡಿಸಿದೆ. ಯಕ್ಷಗಾನದ ಭಾಗವತರನ್ನು ನಮ್ಮಲ್ಲಿ ಎಲ್ಲಿಂದ ತರುವುದು? ಗದುಗಿನ ವೀರನಾರಾಯಣನ ನೆರಳಲ್ಲಿ ಬೆಳೆದವರು ನಾವು. ಪ್ರಸಂಗದ ಪದ್ಯಕ್ಕೆ ಬದಲಾಗಿ ಕುಮಾರವ್ಯಾಸನ ಷಟ್ಪದಿಯನ್ನೇ ಓದಿಸಿದರಾಯಿತು ಎಂದುಕೊಂಡೆ. ಅಷ್ಟರಮಟ್ಟಿಗೆ ಯೋಚನೆ ತಪ್ಪಾಗಿರಲಿಲ್ಲ.

ತಪ್ಪಿದ್ದು ಕಥೆಯ ಆಯ್ಕೆಯಲ್ಲಿ. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸುವ ಭಾಗವನ್ನು ಆರಿಸಿದೆ. ಅದು ನನಗೆ ಪ್ರಿಯವಾದುದು, ಎಂ.ಎ. ತರಗತಿಯಲ್ಲಿ ಅಕ್ಷರ ಅಕ್ಷರ ಬಿಡಿಸಿ ಓದಿದ್ದು. ಇಷ್ಟು ಸಾಕೆಂದು ತಿಳಿದೆ. ಕೃಷ್ಣ ನಾನೇ. ಕರ್ಣನನ್ನು ಓಣಿಯ ಗೆಳೆಯನೊಬ್ಬನಿಗೆ ಕೊಟ್ಟೆ. ಕಂಚಿನ ಕಂಠ, ಎತ್ತರದ ಆಳು. ಸಾಲೆಯನ್ನು ಏಳನೆಯ ಇಯತ್ತೆಗೆ ಬಿಟ್ಟು ಹೊಲ ನೋಡಿಕೊಂಡಿದ್ದವನು. ಗುಡಿಯ ಮುಂದೆ ನೂರಾರು ಜನ ಸೇರಿದ್ದರು. ನಾನು ಕಾಲುಗಂಟೆ ಮಾತಾಡಿದೆ. ಧರ್ಮ, ಕುಲ, ರಾಜ್ಯ, ಋಣ, ಏನೇನೋ ತಂದೆ. ಆಮೇಲೆ ಅವನತ್ತ ತಿರುಗಿ ಉತ್ತರ ಕೇಳಿದೆ. ಅವನು ಒಂದು ವಾಕ್ಯ ಹೇಳಿದ: "ಉಂಡ ಮನಿ ಬಿಟ್ಟು ಬರೂದಿಲ್ಲ." ಇಂದು ನೆನೆದರೆ ಕರ್ಣ ಹೇಳಬೇಕಾದ ಮಾತೆಲ್ಲ ಆ ಒಂದು ವಾಕ್ಯದಲ್ಲಿತ್ತು. ನಾನು ಅದನ್ನು ಅಲ್ಲಿಗೆ ಬಿಡಲಿಲ್ಲ. ಅದರ ಮೇಲೆ ಮತ್ತೆ ನಾಲ್ಕು ಪ್ರಶ್ನೆ ಹಾಕಿದೆ. ಅವನ ಬಾಯಿ ಕಟ್ಟಿತು. ಹಿಂದಿನಿಂದ ಯಾರೋ ನಕ್ಕರು, ನಗೆ ಹಬ್ಬಿತು. ಅವನು ನೀರು ಕುಡಿದು ಬರುತ್ತೇನೆಂದು ಎದ್ದುಹೋದವನು ಮರಳಲಿಲ್ಲ. ಮುಂದೆ ಮೂವತ್ತು ವರ್ಷ ಬದುಕಿದ್ದ. ಎದುರಾದಾಗ ಮಳೆ ಬೆಳೆ ಮಾತಾಡುತ್ತಿದ್ದ. ಯಾವ ಆಟಕ್ಕೂ ಮತ್ತೆ ಕೂಡಲಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮೂರಿಗೆ ದೊಡ್ಡಾಟ ಕಲಿಸಲು ಬರುತ್ತಿದ್ದ ಮಾಸ್ತರರೊಬ್ಬರು ಮೊದಲ ದಿನ ಯಾವ ಆಟವೆಂದು ಹೇಳುತ್ತಲೇ ಇರಲಿಲ್ಲ. ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ದನಿ ಕೇಳುತ್ತಿದ್ದರು, ನಡಿಗೆ ನೋಡುತ್ತಿದ್ದರು, ಬೇಸಾಯದ ಕೆಲಸ ಯಾರಿಗೆ ಎಷ್ಟು ಎಂದು ವಿಚಾರಿಸುತ್ತಿದ್ದರು. ಮೂರನೆಯ ದಿನಕ್ಕೆ ಆಟದ ಹೆಸರು ಹೊರಬೀಳುತ್ತಿತ್ತು. ಅವರು ಎಂ.ಎ. ಓದಿರಲಿಲ್ಲ.

ಮೊಮ್ಮಗಳು ಮೊದಲ ಆಟಕ್ಕೆ ಆ ದಪ್ಪ ಪುಸ್ತಕವನ್ನು ಹಿಡಿಯಬೇಕೆಂದಿದ್ದಳು. 'ಕರ್ಸ್ ಆಫ್ ಸ್ಟ್ರಾಡ್' ಎಂದು ಅದರ ಹೆಸರು. 2016ರಲ್ಲಿ ಬಂದದ್ದು, ಸುಮಾರು 250 ಪುಟ. ಮಂಜು ಕವಿದ ಒಂದು ನಾಡು, ಅದನ್ನಾಳುವ ರಕ್ತಪಿಪಾಸುವಾದ ಒಬ್ಬ ಪ್ರಭು, ಗುಡ್ಡದ ಮೇಲೆ ಅವನ ಕೋಟೆ. ನಾನು ಎರಡು ರಾತ್ರಿ ಕುಳಿತು ಬಹುಭಾಗ ಓದಿದೆ. ಒಳ್ಳೆಯ ಕಥೆ, ಅನುಮಾನವಿಲ್ಲ. ಆದರೆ ಅದರಲ್ಲಿ ಅತ್ಯಂತ ಭರ್ಜರಿಯಾದ ಪಾತ್ರ ಆ ಪ್ರಭುವಿನದು, ಮತ್ತು ಅವನ ಬಾಯಾಗಿ ಮಾತಾಡುವವಳು ಇವಳೇ. ನನ್ನ ಕೃಷ್ಣ ನೆನಪಿಗೆ ಬಂದ.

ಪೆಟ್ಟಿಗೆಯೊಳಗಿನ ಪ್ರಸಂಗ ಬೇರೆ ತರಹದ್ದು. 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್'. 2014ರದು, 64 ಪುಟ. ಒಂದು ಬಂಡಿ ಸಾಮಾನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಕಾವಲಿದ್ದು ಮುಟ್ಟಿಸುವುದೇ ಮೊದಲ ಕೆಲಸ. ದಾರಿಯಲ್ಲಿ ಸತ್ತ ಕುದುರೆಗಳು, ಪೊದೆಯಲ್ಲಿ ಅಡಗಿದ ನಾಲ್ಕು ಕುಳ್ಳ ರಕ್ಕಸರು, ಅವರ ಜಾಡು ಹಿಡಿದು ಹೋದರೆ ಒಂದು ಗುಹೆ. "ಇದು ಭಾಳ ಸಾದಾ ಐತಿ ಅಜ್ಜಾ" ಎಂದು ಹುಡುಗಿ ಮುಖ ಸಿಂಡರಿಸಿದಳು. ಸಾದಾ ಇರುವುದು ನಿಜ. ಆದರೆ ಬಂಡಿಯೆಂದರೆ ಏನು, ದಾರಿಗಳ್ಳರೆಂದರೆ ಏನು ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಕೂತವರಲ್ಲಿ ಒಬ್ಬ ಬಂಡಿ ಹೊಡೆಯಬಹುದು, ಒಬ್ಬ ಪೊದೆ ನೋಡಬಹುದು, ಒಬ್ಬಳು ಜಾಡು ಹಿಡಿಯಬಹುದು. ಎರಡು ತಾಸಿನೊಳಗೆ ಒಂದು ಘಟ್ಟ ಮುಗಿಯುತ್ತದೆ, ಊಟಕ್ಕೆ ಏಳಬಹುದು.

ಈ ಪುಸ್ತಕದ ಒಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು. ದಾಳ ಮುನಿದರೆ ಹೊಸಬರು ಆ ಮೊದಲ ಕಾಳಗದಲ್ಲಿಯೇ ಸೋತುಬೀಳಬಹುದು. ಎಷ್ಟೋ ಕಡೆ ಬಿದ್ದಿದ್ದಾರಂತೆ. ಬಿದ್ದರೆ ಮುಂದೇನು ಎಂಬುದನ್ನು ಬರೆದವರು ಮರೆತಿಲ್ಲ. ಕಳ್ಳರು ಇವರನ್ನು ಕೊಲ್ಲದೆ, ಮೂರ್ಛೆಯಲ್ಲಿ ಬಿಟ್ಟು ಸಾಮಾನು ದೋಚಿಕೊಂಡು ಹೋಗುತ್ತಾರೆ. ಎಚ್ಚರಾದ ಮೇಲೆ ಇವರು ಊರು ಸೇರಿ ಚೇತರಿಸಿಕೊಂಡು ಮರಳಿ ಬಂದು ಜಾಡು ಹಿಡಿಯಬಹುದು. ಸೋತವನು ಮತ್ತೆ ಬಂದು ಕೂಡುವುದಕ್ಕೆ ಒಂದು ದಾರಿ ಕಥೆಯೊಳಗೇ ಇದೆ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಗೈಗ್ಯಾಕ್ಸ್ 1975ರ ಒಂದು ಪಂದ್ಯಕ್ಕಾಗಿ ಹೊಸೆದು 1978ರಲ್ಲಿ ಅಚ್ಚು ಹಾಕಿಸಿದ 'ಟೂಂಬ್ ಆಫ್ ಹಾರರ್ಸ್' ಎಂಬ ಗೋರಿಯ ಕಥೆ ಹೆಜ್ಜೆಹೆಜ್ಜೆಗೂ ಕೊಲ್ಲುತ್ತದೆ. ತಾವು ಬಲ್ಲಿದರೆಂದು ಬೀಗುವ ಆಟಗಾರರ ಸೊಕ್ಕು ಮುರಿಯಲು ಅದು ಇದ್ದೀತು. ಓಣಿಯ ಮಕ್ಕಳ ಮೊದಲ ಸಂಜೆಗೆ ಅದನ್ನು ತರುವವನನ್ನು ನಾನು ಯಜಮಾನನೆನ್ನಲಾರೆ. ಅದೇ ಮನುಷ್ಯ 1979ರಲ್ಲಿ ಹೊಸ ಯಜಮಾನರಿಗೆಂದು 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಬರೆದ. ಒಂದು ಗಡಿಕೋಟೆ, ಹತ್ತಿರದಲ್ಲಿ ಗುಹೆಗಳು. ಕೋಟೆಯೊಳಗಿನ ಜನಕ್ಕೆ ಅವನು ಹೆಸರಿಟ್ಟಿಲ್ಲ. ಹೆಸರಿಡುವ ಕೆಲಸವನ್ನು ಆಡಿಸುವವನಿಗೆ ಬಿಟ್ಟಿದ್ದಾನೆ. ನಮ್ಮವರಾದರೆ ಪೀಠಿಕೆಯಲ್ಲಿಯೇ ವಂಶಾವಳಿ ಕೊಡುತ್ತಿದ್ದರು!

ತಾಳಮದ್ದಳೆಯಲ್ಲೂ ಈ ವಿವೇಚನೆ ಸಲ್ಲುತ್ತದೆ. ಹೊಸಬರ ಕೂಟಕ್ಕೆ ವಾಲಿವಧೆಯನ್ನೋ ಕೃಷ್ಣಸಂಧಾನವನ್ನೋ ಇಟ್ಟರೆ ಇಬ್ಬರು ಮಾತಾಡುತ್ತಾರೆ, ಉಳಿದವರು ತಮ್ಮ ಸರದಿ ಕಾಯುತ್ತ ತೂಕಡಿಸುತ್ತಾರೆ. ಮರೆಯಿಂದ ಬಾಣ ಬಿಟ್ಟದ್ದು ಸರಿಯೇ ಎಂಬ ವಾದ ಪಳಗಿದ ನಾಲಗೆಗೆ ತಕ್ಕುದು. ನನ್ನನ್ನು ಕೇಳಿದರೆ ಪಂಚವಟಿಯಿಂದ ತೊಡಗಬೇಕು. ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದಿರುವ ಆ ಪ್ರಸಂಗದಲ್ಲಿ ಶೂರ್ಪನಖಿ ರಾಮನಲ್ಲಿಗೆ ಹೋಗುತ್ತಾಳೆ, ರಾಮ ತಮ್ಮನಲ್ಲಿಗೆ ಕಳಿಸುತ್ತಾನೆ, ತಮ್ಮ ಮತ್ತೆ ಅಣ್ಣನ ಕಡೆ ತೋರಿಸುತ್ತಾನೆ. ಶಾಸ್ತ್ರ ಬೇಡ, ಶ್ಲೋಕ ಬೇಡ. ಚುರುಕು ನಾಲಗೆ ಸಾಕು. ಎರಡು ಮಾತು ಬಲ್ಲವನಿಗೂ ಅಲ್ಲಿ ಎರಡು ಮಾತಿನ ಜಾಗವುಂಟು. ಇಷ್ಟು ನನಗೆ 1984ರಲ್ಲಿ ತಿಳಿದಿರಬೇಕಿತ್ತು.

ಹುಡುಗಿಗೆ ನಾನು ಕರ್ಣನ ಕಥೆಯನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನಾಳೆ ಯಾರು ಯಾರು ಬರುತ್ತಾರೆ ಎಂದು ಕೇಳಿದಳು. ನನ್ನ ತಮ್ಮನ ಮೊಮ್ಮಕ್ಕಳಿಬ್ಬರು. ಪಕ್ಕದ ಮನೆಯ, ಹತ್ತನೆಯ ತರಗತಿಯ ಹುಡುಗಿ, ಆಕೆಯದು ಗಟ್ಟಿ ಬಾಯಿ. ಮತ್ತೆ ಆ ಹುಡುಗಿಯ ಹಿಂದೆ ಸದಾ ನೆರಳಿನಂತೆ ಬರುವ ಅವಳ ತಮ್ಮ, ಕೇಳಿದ್ದಕ್ಕೂ ತಲೆಯಲ್ಲಾಡಿಸಿ ಉತ್ತರ ಕೊಡುವವನು. ದಪ್ಪ ಪುಸ್ತಕ ಚೀಲದೊಳಕ್ಕೆ ಹೋಯಿತು.

ಮರುದಿನ ಸಂಜೆ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ನನಗೆ ಕಂಬದ ಪಕ್ಕದಲ್ಲಿ ಕುರ್ಚಿ. ಬಾಯಿ ತೆರೆಯಬಾರದೆಂಬ ಕರಾರು. ಆಂಗ್ಲ ಹೆಸರುಗಳನ್ನು ಅವಳು ರಾತ್ರಿಯೇ ಬದಲಿಸಿದ್ದಳು. ಬಂಡಿ ಹೊರಟದ್ದು ರೋಣದಿಂದ, ಮುಟ್ಟಬೇಕಾದದ್ದು ಗಜೇಂದ್ರಗಡ. ಬಂಡಿಯಲ್ಲಿ ನೂಲಿನ ಗಂಟುಗಳು, ನೇಕಾರರಿಗೆ ಒಯ್ಯುವಂಥವು. ಗುಹೆ ಕಾಲಕಾಲೇಶ್ವರನ ಗುಡ್ಡದ ಆಚೆ. ಕುದುರೆಗಳ ಬದಲು ದಾರಿಯಲ್ಲಿ ಒಂದು ಮುರಿದ ಬಂಡಿ ಬಿದ್ದಿತ್ತು. ದಿನವೂ ಎತ್ತುಗಳನ್ನು ನೋಡುವ ಮಕ್ಕಳ ಮುಂದೆ ಅವನ್ನು ಸಾಯಿಸುವುದು ಬೇಡವೆನಿಸಿತಂತೆ. ಒಳ್ಳೆಯ ಯೋಚನೆ, ನನಗೆ ಹೊಳೆದಿರಲಿಲ್ಲ.

ಒಬ್ಬೊಬ್ಬರನ್ನೂ ನೀನು ಯಾರೆಂದು ಕೇಳಿದಳು. ತಮ್ಮನ ಮೊಮ್ಮಕ್ಕಳು ಕತ್ತಿ ಹಿಡಿದರು, ಗಟ್ಟಿ ಬಾಯಿಯವಳು ಮಂತ್ರಗಾತಿಯಾದಳು. ಸಣ್ಣವನ ಸರದಿ ಬಂದಾಗ ಅವನು ಹಾಳೆಗಳಲ್ಲಿ ಯಾವುದನ್ನೂ ಮುಟ್ಟಲಿಲ್ಲ. "ಬಂಡಿ ಯಾರು ಹೊಡೀತಾರ?" ಎಂದು ಮೊಮ್ಮಗಳು ಕೇಳಿದಳು. ಅವನು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಒಂದು ಬಿಳಿ ಹಾಳೆ ತೆಗೆದು 'ಬಂಡಿಯವ' ಎಂದು ಬರೆದು ಅವನ ಮುಂದಿಟ್ಟಳು. ಅಂಥ ಪಾತ್ರ ಪೆಟ್ಟಿಗೆಯಲ್ಲಿ ಇರಲಿಲ್ಲ.

ಕಾಳಗ ಬಂತು. ಮೊದಲ ಸುತ್ತಿನಲ್ಲಿಯೇ ಕತ್ತಿಯಾಳುಗಳಲ್ಲಿ ಒಬ್ಬ ಬಿದ್ದ, ಮಂತ್ರ ಎರಡು ಸಲ ತಪ್ಪಿತು, ಗದ್ದಲವೋ ಗದ್ದಲ. ನಾನು ಕರಾರು ಮುರಿಯುವುದರಲ್ಲಿದ್ದೆ. ಅಷ್ಟರಲ್ಲಿ ಸಣ್ಣವನು, ಅರ್ಧ ತಾಸಿನಿಂದ ಸುಮ್ಮನೆ ಕುಳಿತಿದ್ದವನು, "ಅಕ್ಕಾ, ನಾ ಎತ್ತಿನ ಕೊಳ್ಳಾ ಹರೀತೀನಿ. ಎತ್ತು ಬೆದರಿ ಅವರ ಮ್ಯಾಲೆ ಹೊಕ್ಕಾವು" ಎಂದ.

ಮೊಮ್ಮಗಳು ಪುಸ್ತಕ ನೋಡಿದಳು. ಎತ್ತಿನ ಕೊಳ್ಳ ಹರಿಯುವ ವಿಷಯ ಅದರಲ್ಲಿ ಏನಿದ್ದೀತು? ಒಂದು ಕ್ಷಣ ನನ್ನ ಕಡೆಯೂ ನೋಡಿದಳು. ನಾನು ತೊಲೆ ನೋಡುತ್ತ ಕುಳಿತೆ. ಆಮೇಲೆ ಅವಳು ಪುಸ್ತಕ ಮುಚ್ಚಿ, ಇಪ್ಪತ್ತು ಮುಖದ ದಾಳವನ್ನು ಅವನ ಕೈಗಿಟ್ಟು, "ಹಾಕು" ಎಂದಳು.

ಹದಿನಾರು ಬಿತ್ತು. ಬಂಡಿ ಗಜೇಂದ್ರಗಡ ಮುಟ್ಟಿದೆ. ಗುಹೆ ಇನ್ನೂ ಉಳಿದಿದೆ, ಅದು ದೀಪಾವಳಿಯ ಸೂಟಿಗೆ. ಸಣ್ಣವನು ಈಗ ವಾರಕ್ಕೊಮ್ಮೆಯಾದರೂ ನಮ್ಮ ಕಟ್ಟೆಗೆ ಬಂದು ಅಕ್ಕ ಯಾವಾಗ ಬರುತ್ತಾಳೆಂದು ಕೇಳಿಹೋಗುತ್ತಾನೆ.