ಅವ್ವನಿಗೆ ಹೇಳಿದ ಸುಳ್ಳು: ಮೊದಲ ಸಲ ವಿಮಾನ ಹತ್ತುವ ಕನ್ನಡಿಗರಿಗೆ ನಾಲ್ಕು ಮಾತು

(ಹೊಸಪೇಟೆಯ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿ.ಯು.ಸಿ.ಗೆ ಓದು ಮುಗಿಸಿ ಪ್ರೆಸ್ಸಿಗೆ ಬಿದ್ದವನು. ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರು, ಬಿಲ್ ಬುಕ್ಕು, ನಿಮ್ಮ ರಾಜ್ಯೋತ್ಸವದ ಕರಪತ್ರ, ಇಷ್ಟೇ ನನ್ನ ಸಾಹಿತ್ಯ. ಇವತ್ತು ವಿಮಾನದ ಬಗ್ಗೆ ಮಾತಾಡಲು ನಿಂತಿದ್ದೇನೆ. ನಗಬೇಡಿ. ವಿಮಾನ ಈಗ ದೊಡ್ಡವರ ಸ್ವತ್ತಲ್ಲ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಡಿಮೆ ದರದ ವಿಮಾನ ಹಾರಿಸಿ ಆ ಬಾಗಿಲು ತೆರೆದರು. ನಮ್ಮ ಪಕ್ಕದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ 2017ರಲ್ಲಿ ಉಡಾನ್ ಯೋಜನೆಯ ವಿಮಾನ ಶುರುವಾಯಿತು. ಸಂಡೂರಿನ ಗಣಿಯಲ್ಲಿ ದುಡಿಯುವವನ ಮಗ, ಕಂಪ್ಲಿಯಲ್ಲಿ ಭತ್ತ ಬೆಳೆಯುವವನ ಮಗಳು ಇಂಟರ್‌ವ್ಯೂಗೆ ವಿಮಾನ ಹತ್ತುತ್ತಿದ್ದಾರೆ. ಆದರೆ ಹತ್ತುವಾಗ ಎದೆ ಡವಡವ ಅನ್ನುತ್ತದೆ. ಆ ಭಯ ಅರ್ಧ ಆಕಾಶದ್ದು, ಇನ್ನರ್ಧ ಇಂಗ್ಲಿಷಿನದು!

ನನ್ನ ಕಥೆ ಕೇಳಿ. 2019ರಲ್ಲಿ ದಿಲ್ಲಿಯಲ್ಲಿದ್ದ ತಂಗಿಯ ಹೆರಿಗೆಗೆ ಅವ್ವನನ್ನು ಕರೆದುಕೊಂಡು ಹೊರಟೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ದೇವನಹಳ್ಳಿ. ಇಬ್ಬರಿಗೂ ಅದೇ ಮೊದಲ ವಿಮಾನ. ಬಾಗಿಲು ಮುಚ್ಚಿತು. ಒಬ್ಬ ಹೆಣ್ಣುಮಗಳು ನಿಂತು ಬೆಲ್ಟು ತೋರಿಸಿದಳು, ಹಳದಿ ಮುಖವಾಡ ತೋರಿಸಿದಳು, ಕೈಯಿಂದ ಬಾಗಿಲ ದಿಕ್ಕು ತೋರಿಸಿದಳು. ಹಿಂದಿಯಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಕನ್ನಡದ ನೆಲದಿಂದ ಏಳುತ್ತಿದ್ದ ವಿಮಾನದಲ್ಲಿ ಕನ್ನಡದ ಒಂದು ಅಕ್ಷರವಿಲ್ಲ.

ಅವ್ವ ಕೇಳಿದಳು: “ಏನಂತಪ್ಪ ಆಕಿ ಹೇಳಿದ್ದು?”

ನನಗೂ ಪೂರ್ತಿ ಅರ್ಥವಾಗಿರಲಿಲ್ಲ. ಒಪ್ಪಿಕೊಳ್ಳಲು ನಾಚಿಕೆ. “ಏನಿಲ್ಲಬೇ, ಬೆಲ್ಟ್ ಹಾಕ್ಕೋ ಅಂತಾಳ” ಅಂದೆ.

ಗೆಳೆಯರೇ, ಅದು ಸುಳ್ಳು. ಎಂಥ ಸುಳ್ಳು ಎಂದು ಊರಿಗೆ ಬಂದು ವಿಚಾರಿಸಿದ ಮೇಲೆ ಗೊತ್ತಾಯಿತು. ಆ ಮುಖವಾಡ ಆಮ್ಲಜನಕದ್ದು. ಸುಮಾರು 35,000 ಅಡಿ ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡ ಬಿಟ್ಟುಹೋದರೆ ಮನುಷ್ಯನಿಗೆ ಎಚ್ಚರ ಇರುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಅದಕ್ಕೇ “ಮೊದಲು ನಿಮಗೆ ಹಾಕಿಕೊಳ್ಳಿ, ಆಮೇಲೆ ಪಕ್ಕದವರಿಗೆ” ಅನ್ನುತ್ತಾರೆ. ಇದನ್ನು ಅವ್ವನಿಗೆ ಹೇಳಿದಾಗ ಆಕೆ ಏನಂದಳು ಗೊತ್ತೇ? “ನಾನಾಗಿದ್ರ ಮೊದಲು ನಿನಗ ಹಾಕ್ತಿದ್ದೆ.” ಹೆತ್ತ ಕರುಳು ಹಾಗೆಯೇ ಮಾಡುತ್ತದೆ. ಹಾಗೆ ಮಾಡಿದ್ದರೆ ಇಬ್ಬರ ಜೀವಕ್ಕೂ ಅಪಾಯ. ತಿಳಿಯುವ ಭಾಷೆಯಲ್ಲಿ ಒಂದು ಸಾಲು ಹೇಳಿದ್ದರೆ ಸಾಕಿತ್ತು!

ನಮ್ಮ ತುಂಗಭದ್ರೆಯ ಹರಿಗೋಲು ನೋಡಿ. ಹುಟ್ಟು ಹಾಕುವವನು ಓದಿದವನಲ್ಲ. ಆದರೂ ಹತ್ತುವ ಮೊದಲೇ “ಒಂದೇ ಕಡೆ ವಾಲಬೇಡ್ರಿ, ಎದ್ದು ನಿಲ್ಲಬೇಡ್ರಿ” ಅನ್ನುತ್ತಾನೆ. ಹಂಪಿಗೆ ಬಂದ ವಿದೇಶಿಯನಿಗೂ ಕೈಸನ್ನೆ ಮಾಡಿ, ಗೊತ್ತಿರುವ ಎರಡು ಇಂಗ್ಲಿಷ್ ಪದ ಸೇರಿಸಿ ಅರ್ಥ ಮಾಡಿಸುತ್ತಾನೆ. ಅವನಿಗಿರುವ ವಿವೇಕ ಕೋಟಿಗಟ್ಟಲೆ ಬೆಲೆಯ ವಿಮಾನ ಹಾರಿಸುವವರಿಗೆ ಬೇಡವೇ?

ಇದು ಬರೀ ಅಭಿಮಾನದ ಮಾತಲ್ಲ. 1996ರಲ್ಲಿ ಅಪಹರಣವಾದ ಇಥಿಯೋಪಿಯಾದ ವಿಮಾನ ಇಂಧನ ಮುಗಿದು ಕೊಮೊರೊ ದ್ವೀಪದ ಬಳಿ ಸಮುದ್ರಕ್ಕೆ ಇಳಿಯಿತು. ತೇಲುವ ಜಾಕೆಟ್ಟನ್ನು ವಿಮಾನದ ಒಳಗೇ ಊದಿಸಿಕೊಂಡ ಹಲವರು ನೀರು ತುಂಬಿದಾಗ ಛಾವಣಿಗೆ ಒತ್ತಿಕೊಂಡು ಹೊರಬರಲಾಗದೆ ಸತ್ತರು. ಹೊರಗೆ ಬಂದ ಮೇಲೆಯೇ ಊದಿಸಬೇಕು. ಇದೂ ಆ ಹೆಣ್ಣುಮಗಳು ಹೇಳುವ ಮಾತುಗಳಲ್ಲಿ ಒಂದು. ನಮ್ಮ ಮಂಗಳೂರಿನಲ್ಲೇ 2010ರ ಮೇ 22ರಂದು 158 ಜನ ಹೋದರು, ಉಳಿದವರು ಎಂಟೇ ಮಂದಿ. ಅಂಥ ಹೊತ್ತಿನಲ್ಲಿ ಲೆಕ್ಕಕ್ಕೆ ಬರುವುದು ಸೆಕೆಂಡುಗಳು. ಅರ್ಧ ಬಾಗಿಲು ಕೆಲಸ ಮಾಡದಿದ್ದರೂ ತುಂಬಿದ ವಿಮಾನ 90 ಸೆಕೆಂಡಿನಲ್ಲಿ ಖಾಲಿಯಾಗಬೇಕೆಂಬುದು ದೊಡ್ಡ ವಿಮಾನಗಳಿಗಿರುವ ನಿಯಮ. ಆ 90 ಸೆಕೆಂಡಿನಲ್ಲಿ ಪಕ್ಕದವನನ್ನು “ಏನಂದ್ರು?” ಎಂದು ಕೇಳುತ್ತಾ ಕೂರಲು ಆಗುತ್ತದೆಯೇ?

ಹೆದರಿಸಲು ಹೇಳಿದ್ದಲ್ಲ. ಹೊಸಪೇಟೆಯಿಂದ ಬಳ್ಳಾರಿಗೆ ಅದಿರು ಲಾರಿಗಳ ನಡುವೆ ಬೈಕಿನಲ್ಲಿ ಹೋಗುವುದಕ್ಕಿಂತ ವಿಮಾನವೇ ಸುರಕ್ಷಿತ. ತಯಾರಿ ಮಾಡಿಕೊಂಡು ಹೋಗಿ, ಅಷ್ಟೇ.

ಮನೆ ಬಿಡುವ ಮೊದಲು

ಟಿಕೆಟ್ಟಿನ ಪ್ರೂಫ್ ನೋಡಿ! ಇದು ಪ್ರೆಸ್ಸಿನವನ ಮಾತು. ಟಿಕೆಟ್ಟಿನ ಹೆಸರು ಗುರುತಿನ ಚೀಟಿಯ ಹೆಸರಿನಂತೆಯೇ ಇರಬೇಕು. ನಮ್ಮ ಕಡೆ ಹುಲಿಗೆಮ್ಮ ಎಂಬ ಹೆಸರು ಓಣಿಗೆ ನಾಲ್ಕು. ಕನ್ನಡದಲ್ಲಿ ಅದನ್ನು ಬರೆಯುವುದು ಒಂದೇ ರೀತಿ. ಇಂಗ್ಲಿಷಿನಲ್ಲಿ ಆಧಾರದಲ್ಲೊಂದು, ವೋಟರ್ ಕಾರ್ಡಿನಲ್ಲೊಂದು, ಟಿಕೆಟ್ಟಿನಲ್ಲಿ ಇನ್ನೊಂದು. ತಪ್ಪಿದ್ದರೆ ಟಿಕೆಟ್ ಕೊಂಡ ದಿನವೇ ಕಂಪನಿಗೆ ತಿಳಿಸಿ. ನಿಲ್ದಾಣದ ಬಾಗಿಲಲ್ಲಿ ನಿಂತು ಅಳಬೇಡಿ.

ವಿದ್ಯಾನಗರದಿಂದ ಹೋಗುವುದಾದರೆ ಯಾವ ದಿನ ವಿಮಾನವಿದೆ ಎಂದು ಮೊದಲೇ ವಿಚಾರಿಸಿ. ಅಲ್ಲಿ ಕಂಪನಿಗಳೂ ವೇಳೆಯೂ ಬದಲಾಗುತ್ತಾ ಬಂದಿವೆ.

ದೇಶದೊಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಕೈಚೀಲಕ್ಕೆ 7 ಕೆ.ಜಿ., ಒಪ್ಪಿಸುವ ಲಗೇಜಿಗೆ 15 ಕೆ.ಜಿ. ಟಿಕೆಟ್ಟಿನಲ್ಲಿ ಬರೆದಿರುತ್ತದೆ, ಓದಿ. ಚಾಕು, ಕತ್ತರಿ ದೊಡ್ಡ ಲಗೇಜಿಗೆ. ಪವರ್ ಬ್ಯಾಂಕ್ ಕೈಚೀಲಕ್ಕೆ ಮಾತ್ರ. ಬೆಂಕಿಪೊಟ್ಟಣ, ಲೈಟರ್ ಎಲ್ಲಿಯೂ ಬೇಡ. ವಿರೂಪಾಕ್ಷನ ಪ್ರಸಾದವೆಂದು ಒಣಕೊಬ್ಬರಿ ಒಯ್ಯಬೇಡಿ. ಅದರ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ ಎಂದು ಬಿಡುವುದಿಲ್ಲ. ಅವ್ವನ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಗಟ್ಟಿಯಾಗಿ ಕಟ್ಟಿ ದೊಡ್ಡ ಲಗೇಜಿಗೆ ಹಾಕಿ.

ನಡೆಯಲಾಗದ ಹಿರಿಯರಿದ್ದರೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿ.

ನಿಲ್ದಾಣದಲ್ಲಿ

ಎರಡು ಗಂಟೆ ಮೊದಲೇ ಮುಟ್ಟಿ. ಲಗೇಜಿನ ಕೌಂಟರು ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಇದು ಕೈ ಮಾಡಿದರೆ ನಿಲ್ಲುವ ಬಸ್ಸಲ್ಲ. ಬಾಗಿಲಲ್ಲಿ ಗುರುತಿನ ಚೀಟಿ, ಒಳಗೆ ಲಗೇಜು ಒಪ್ಪಿಸಿ ಬೋರ್ಡಿಂಗ್ ಪಾಸ್, ಆಮೇಲೆ ತಪಾಸಣೆ, ಕೊನೆಗೆ ಗೇಟು. ಮೈ ತಡವುತ್ತಾರೆ, ಬೆಲ್ಟು ಬಿಚ್ಚಿಸುತ್ತಾರೆ. ಎಲ್ಲರಿಗೂ ಅದೇ, ಅವಮಾನವೆಂದು ತಿಳಿಯಬೇಡಿ. ಎಷ್ಟೋ ದೊಡ್ಡ ನಿಲ್ದಾಣಗಳಲ್ಲಿ ಪ್ರತಿ ವಿಮಾನಕ್ಕೂ ಕೂಗುವುದಿಲ್ಲ. ಗೇಟಿನ ನಂಬರು ಬದಲಾಗಬಹುದು. ಪರದೆಯ ಮೇಲೆ ಕಣ್ಣಿಡಿ.

ಒಳಗೆ ಕೂತ ಮೇಲೆ

ನಿಮ್ಮ ಸೀಟಿನಿಂದ ಹತ್ತಿರದ ತುರ್ತು ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿ. ಹೊಗೆ ತುಂಬಿದರೆ ಕಣ್ಣು ಕಾಣದು, ಲೆಕ್ಕ ಕೈ ಹಿಡಿಯುತ್ತದೆ. ತುರ್ತು ಬಾಗಿಲ ಪಕ್ಕವೇ ಸೀಟು ಬಂದು, ಸಿಬ್ಬಂದಿ ಹೇಳಿದ್ದು ತಿಳಿಯದಿದ್ದರೆ “ಬೇರೆ ಸೀಟು ಕೊಡಿ” ಅನ್ನಿ. ಏಳುವಾಗ, ಇಳಿಯುವಾಗ ಕಿವಿ ಹಿಡಿದರೆ ಆಕಳಿಸಿ, ಉಗುಳು ನುಂಗಿ, ಪೆಪ್ಪರಮಿಂಟು ಚೀಪಿ. ಕೂಸಿಗೆ ಹಾಲು ಕುಡಿಸಿ. ವಿಮಾನ ಕುಲುಕಿದರೆ ಅದು ಗಾಳಿಯ ಗುಂಡಿ. ಕೂತಷ್ಟು ಹೊತ್ತೂ ಬೆಲ್ಟು ಹಾಕಿಯೇ ಇರಿ.

ಅರ್ಥವಾಗದಿದ್ದರೆ ಕೇಳಿ, ಕನ್ನಡದಲ್ಲಿಯೇ ಕೇಳಿ! ಒಬ್ಬರಲ್ಲ ಒಬ್ಬರು ಉತ್ತರಿಸುತ್ತಾರೆ. ನಾನು ಅಂದು ಕೇಳಲಿಲ್ಲ, ಅದೇ ನನ್ನ ತಪ್ಪು.

ನಾವು ಮಾಡಬೇಕಾದ್ದು

2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ನಿಲ್ದಾಣದ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಎಂದು ಸೂಚಿಸಿತು. ಅದು ನಿಲ್ದಾಣದ ಮಾತಾಯಿತು, ವಿಮಾನದ ಒಳಗಿನದಲ್ಲ. ಕೆಲವು ವಿಮಾನಗಳಲ್ಲಿ ಈಗ ಕನ್ನಡದಲ್ಲಿ ಸ್ವಾಗತ ಕೇಳುತ್ತೇವೆ. ಸಂತೋಷ, ಚಪ್ಪಾಳೆ ತಟ್ಟೋಣ. ಆದರೆ ಸ್ವಾಗತ ಕನ್ನಡದಲ್ಲಿ, ಜೀವ ಉಳಿಸುವ ಮಾತು ಪರಭಾಷೆಯಲ್ಲಿ ಅಂದರೆ ಎಲೆ ಹಾಕಿ ಅನ್ನ ಬಡಿಸದೆ ಹೋದಂತೆ. ಕರ್ನಾಟಕದಿಂದ ಏಳುವ, ಕರ್ನಾಟಕಕ್ಕೆ ಇಳಿಯುವ ಪ್ರತಿ ವಿಮಾನದಲ್ಲೂ ಸುರಕ್ಷತೆಯ ಮಾತು ಕನ್ನಡದಲ್ಲಿ ಕೇಳಬೇಕು. ಸೀಟಿನ ಮುಂದಿನ ಕಾರ್ಡಿನಲ್ಲಿ ಕನ್ನಡ ಇರಬೇಕು. ಇದಕ್ಕೆ ಗಾಜು ಒಡೆಯಬೇಕಿಲ್ಲ, ಸಿಬ್ಬಂದಿಯ ಮೇಲೆ ರೇಗಬೇಕಿಲ್ಲ. ಆ ಹೆಣ್ಣುಮಗಳು ಹೊಟ್ಟೆಪಾಡಿಗೆ ಬಂದವಳು, ಕಲಿಸಿದ್ದನ್ನು ಹೇಳುತ್ತಾಳೆ. ಕೇಳಬೇಕಾದ್ದು ಕಂಪನಿಯನ್ನು. ಹಾರಿದ ಪ್ರತಿಯೊಬ್ಬನೂ ದಿನಾಂಕ, ವಿಮಾನದ ನಂಬರು ಹಾಕಿ ಕಂಪನಿಗೆ ಒಂದು ಪತ್ರ ಬರೆಯಲಿ. ಒಂದು ಪತ್ರ ಕಸದ ಬುಟ್ಟಿಗೆ ಹೋಗುತ್ತದೆ, ಸಾವಿರ ಪತ್ರ ಹೋಗುವುದಿಲ್ಲ.

ಅಲ್ಲಿಯವರೆಗೆ ನನ್ನ ಪಾಲಿನ ಕೆಲಸ ನಾನು ಮಾಡುತ್ತೇನೆ. ಬೆಲ್ಟು, ಮುಖವಾಡ, ಜಾಕೆಟ್ಟು, ಬಾಗಿಲು, ಈ ನಾಲ್ಕನ್ನು ದಪ್ಪಕ್ಷರದ ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ ಅಚ್ಚು ಹಾಕಿ ಕೊಡುತ್ತೇನೆ. ಕಾಗದ ನನ್ನದು, ಮಸಿ ನನ್ನದು. ಹೊಸಪೇಟೆ, ಸಂಡೂರು, ಕಂಪ್ಲಿಯ ಟಿಕೆಟ್ ಮಾಡಿಕೊಡುವ ಅಂಗಡಿಗಳಿಗೆ ಮುಟ್ಟಿಸುವ ಕಾಲು ನಿಮ್ಮದು. ಇನ್ನೊಬ್ಬ ಮಗ ತನ್ನ ಅವ್ವನಿಗೆ “ಏನಿಲ್ಲಬೇ” ಎಂದು ಸುಳ್ಳು ಹೇಳುವಂತಾಗಬಾರದು.

ಸಿರಿಗನ್ನಡಂ ಗೆಲ್ಗೆ.